ಲಿಯೋನಿನ ಮಗ್ಗದ ಮೇಲೆ ಕುಂಕುಮ

ಆಗುವುದಿಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ಅವಳ ಮನೆ. ಅಲ್ಲಿನ ಅಡುಗೆಮನೆಯಲ್ಲಿ ನಿಂತು, ಹುರುಳಿಕಾಯಿಯ ನಾರು ತೆಗೆಯುತ್ತಾ, ನನ್ನೆದುರಿಗೇ ಅಪ್ಪನಿಗೆ ಹೇಳಿದಳು.

"ನೋಡೋ, ಕಾಲೇಜು ಸೇರೋದು ಬೇರೆ, ಡಿಗ್ರಿ ತಗೊಳ್ಳೋದು ಬೇರೆ. ನಮ್ಮನೇಲಿ ಎಸ್ಸೆಸ್ಸೆಲ್ಸಿ ದಾಟಿದೋರು ಒಬ್ಬರನ್ನ ತೋರ್ಸು. ನಾನು ದಾಟ್ಲಿಲ್ಲ, ನೀನು ದಾಟ್ಲಿಲ್ಲ, ಅಪ್ಪಯ್ಯ ಸ್ಕೂಲಿನ ಬಾಗ್ಲೇ ನೋಡಿಲ್ಲ. ಇವಳಿಗೆ ಮಿಲ್ಲಲ್ಲಿ ಪರ್ಮನೆಂಟ್ ಆಗತ್ತೆ, ಯಾರಾದ್ರೂ ಒಳ್ಳೆ ಹುಡುಗ ಸಿಗ್ತಾನೆ. ಸುಮ್ನೆ ಯಾಕೆ ಆಸೆ ಹುಟ್ಟಿಸ್ತೀಯ? ಇದು ಆಗೋಹೋಗೋ ಮಾತಲ್ಲ."

ಅತ್ತೆ ಕೆಟ್ಟವಳಲ್ಲ. ಬೆಂಗಳೂರಿನ ಕಬ್ಬನ್‌ಪೇಟೆಯಲ್ಲಿ ಮಗ್ಗದ ಕೆಲಸ ಮಾಡಿಕೊಂಡಿದ್ದ ತಮ್ಮನಿಗೆ ಕಾಗದಪತ್ರ ಹಾಕಿ, ವರ್ಷಗಟ್ಟಲೆ ಕಾದು, ನಮ್ಮನ್ನೆಲ್ಲ ಅಮೆರಿಕಕ್ಕೆ ಕರೆಸಿಕೊಂಡವಳು ಅವಳೇ. ಅಪ್ಪನಿಗೆ ಸೌತ್ ಕೆರೊಲೈನಾದ ಒಂದು ಬಟ್ಟೆ ಮಿಲ್ಲಿನಲ್ಲಿ ಮಗ್ಗ ರಿಪೇರಿಯ ಕೆಲಸ ಸಿಕ್ಕಿತ್ತು. ಆಗ ನನಗೆ ಹದಿನೇಳು. ಅವಳ ಮಾತಿಗೆ ಕಾರಣವೂ ಇತ್ತು. ಹಿಂದಿನ ವಾರವಷ್ಟೇ ಕಾಲೇಜಿನ ಮೊದಲ ವರ್ಷದ ಗ್ರೇಡುಗಳು ಬಂದಿದ್ದವು. ಇಂಗ್ಲಿಷಿನಲ್ಲಿ ಎಫ್, ಗಣಿತದಲ್ಲಿ ಎಫ್. ಬರೀ ಹಾಜರಿಗೆ ಗ್ರೇಡು ಕೊಡುತ್ತಿದ್ದರೆ ನಾನು ಮೊದಲನೆಯವಳಾಗುತ್ತಿದ್ದೆ.

ಅಪ್ಪ ಉಳಿದ ಹುರುಳಿಕಾಯಿಯ ನಾರು ತೆಗೆದುಕೊಟ್ಟ. ವಾಪಸು ಬರುವಾಗ ಕಾರಿನಲ್ಲಿ, ಕೆರೊಲೈನಾದ ಗಡಿ ದಾಟಿದ ಮೇಲೆ, "ಮತ್ತೆ ಬರೀಬೋದಾ ಅದನ್ನ?" ಎಂದು ಕೇಳಿದ.

"ಬರೀಬೋದು."

"ಹಂಗಾದ್ರೆ ಬರಿ."

ನಾಲ್ಕು ವರ್ಷದ ಡಿಗ್ರಿಗೆ ನನಗೆ ಏಳು ವರ್ಷ ಹಿಡಿಯಿತು. ಹಗಲು ಕ್ಲಾಸು, ಸಂಜೆ ಮಿಲ್ಲಿನ ತಪಾಸಣೆ ಮೇಜು. ಅಡಿಯಿಂದ ದೀಪ ಉರಿಯುವ ಗಾಜಿನ ಮೇಲೆ ಬಟ್ಟೆ ಸರಿಯುತ್ತಾ ಹೋಗುತ್ತದೆ. ಎಳೆ ತಪ್ಪಿದ ಕಡೆ ಅಂಟುಚೀಟಿ ಹಚ್ಚುವುದು ನನ್ನ ಕೆಲಸ. ಊರಿನ ಸಣ್ಣ ಕಾಲೇಜು ಮುಗಿಸಿ ನಾರ್ತ್ ಕೆರೊಲೈನಾದ ಯೂನಿವರ್ಸಿಟಿಯ ಬಟ್ಟೆ ವಿಭಾಗಕ್ಕೆ ಸೇರಿದೆ. ಎರಡು ಸಲ ಬಿಟ್ಟೆ, ಎರಡು ಸಲವೂ ಮತ್ತೆ ಸೇರಿಕೊಂಡೆ. ಕೊನೆಗೆ ಉಳಿದದ್ದು ಮೂರು ಕ್ರೆಡಿಟ್. ಅದಕ್ಕೆ ವಿಭಾಗದವರು ಬೇಸಿಗೆಯಲ್ಲಿ ಆರು ವಾರ ಫ್ರಾನ್ಸಿನ ಲಿಯೋನ್ ನಗರಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿನ ಹಳೆಯ ರೇಷ್ಮೆ ನೇಯ್ಗೆಮನೆಯಲ್ಲಿ ಕೂತು ಒಂದು ಬಟ್ಟೆಯನ್ನು ಎಳೆಎಳೆಯಾಗಿ ಓದಿ ವರದಿ ಬರೆಯಬೇಕು. ವರದಿ ಒಪ್ಪಿಗೆಯಾದರೆ ಡಿಗ್ರಿ. ಆಗದಿದ್ದರೆ ಮುಂದಿನ ಬೇಸಿಗೆ. ಆದರೆ ನನಗೆ ಮುಂದಿನ ಬೇಸಿಗೆ ಇರಲಿಲ್ಲ. ನನ್ನ ಮೊದಮೊದಲ ಕ್ರೆಡಿಟ್‌ಗಳ ಗಡುವು ಆ ವರ್ಷಕ್ಕೇ ಮುಗಿಯುತ್ತಿತ್ತು. ಮುಗಿದರೆ ಆ ಪಾಠಗಳನ್ನೆಲ್ಲ ಹೊಸದಾಗಿ ಓದಬೇಕು. ಇನ್ನೊಂದು ಸಲ ಅಷ್ಟು ಉಸಿರು ನನ್ನಲ್ಲಿ ಉಳಿದಿರಲಿಲ್ಲ.

ನನ್ನದು ಇಂಡಿಯಾದ ಪಾಸ್‌ಪೋರ್ಟ್, ವೀಸಾ ಬೇಕಿತ್ತು. ಅಟ್ಲಾಂಟಾದ ಫ್ರೆಂಚ್ ಕಾನ್ಸುಲೇಟಿಗೆ ಕರೆದುಕೊಂಡು ಹೋದವಳು ಅತ್ತೆಯೇ. ಹಿಂದಿನ ಸೀಟಿನಿಂದ, ಅವಳಿಗೆ ತಡವಾಗಿ ಹುಟ್ಟಿದ ಎಂಟು ವರ್ಷದ ಮಗ ಕೇಳಿದ: "ಅಮ್ಮಾ, ಈಸ್ ಶಿ ಗೋಯಿಂಗ್ ಟು ಪ್ಯಾರಿಸ್?"

"ಪ್ಯಾರಿಸ್ ಅಲ್ವೋ. ಅದ್ಯಾವ್ದೋ ಬಟ್ಟೆ ಊರಂತೆ. ಬಟ್ಟೆ ನೋಡಕ್ಕೆ ಅಷ್ಟು ದೂರ ಫ್ಲೈ ಮಾಡ್ಬೇಕಂತೆ ಮಹಾರಾಣಿ. ನಮ್ಮ ಚಿಕ್ಕಪೇಟೆಗೇನಾಗಿತ್ತು ರೋಗ?" ಎಂದ ಅತ್ತೆ, ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಕಡೆ ತಿರುಗಿ, "ಸ್ವೆಟರ್ ಇಟ್ಕೊಂಡಿದ್ಯಾ?" ಎಂದಳು.

ವಾಷಿಂಗ್ಟನ್ನಿನ ಏರ್‌ಪೋರ್ಟಿನಲ್ಲಿ ನಾವು ಒಂಬತ್ತು ಜನ ವಿದ್ಯಾರ್ಥಿಗಳು ಸೇರಿದೆವು. ಜೊತೆಗೆ ನಮ್ಮ ಪ್ರೊಫೆಸರ್. ಅಪ್ಪಟ ಕೆರೊಲೈನಾದ ಹೆಂಗಸು, ಬೆಳ್ಳಿಕೂದಲು, ಒಂದೊಂದು ಮಾತನ್ನೂ ಬೆಲ್ಲದ ಪಾಕದ ಹಾಗೆ ಎಳೆದು ಆಡುವವರು. ಅಮ್ಮ ನನ್ನ ಕೈಚೀಲದ ಒಳಜೇಬಿಗೆ ಕಾಗದದ ಸಣ್ಣ ಪೊಟ್ಟಣ ತುರುಕಿದ್ದಳು. ಕಬ್ಬನ್‌ಪೇಟೆಯ ಚೌಡೇಶ್ವರಿ ಗುಡಿಯ ಕುಂಕುಮ. "ಇರ್ಲಿ ಸುಮ್ನೆ, ಭಾರ ಏನಿಲ್ಲ" ಎಂದಿದ್ದಳು.

ಲಿಯೋನನ್ನು ಮೊದಲು ಕಂಡದ್ದು ಸೇತುವೆಯ ಮೇಲಿಂದ. ಊರಿಗೆ ಎರಡು ನದಿಗಳು, ರೋನ್ ಮತ್ತು ಸೋನ್. ನಡುವೆ ನಾಲಿಗೆಯ ಹಾಗೆ ಚಾಚಿಕೊಂಡ ನೆಲ, ಅದರ ಮೇಲೆ ಕೆನೆಬಣ್ಣದ, ಗುಲಾಬಿ ಬಣ್ಣದ, ಮಾಸಿದ ಅರಿಶಿನದ ಬಣ್ಣದ ಮನೆಗಳು. ಒಂದಕ್ಕೊಂದು ಭುಜ ತಾಗಿಸಿ ನೀರಿನವರೆಗೂ ನಿಂತಿದ್ದವು. ನನಗೆ ಗೊತ್ತಿದ್ದದ್ದು ಎರಡೇ ಥರದ ಊರು. ಒಂದು ಕಬ್ಬನ್‌ಪೇಟೆ, ಅಲ್ಲಿ ಎಲ್ಲವೂ ಹಳತು, ಎಲ್ಲವೂ ಕುಸಿಯುತ್ತಿರುವುದು. ಇನ್ನೊಂದು ಅಮೆರಿಕ, ಅಲ್ಲಿ ಎಲ್ಲವೂ ಹೊಸತು, ನನ್ನ ವಯಸ್ಸಿನ ಕಟ್ಟಡವನ್ನೇ ಹಳೆಯದೆಂದು ಕೆಡವುತ್ತಾರೆ. ಹಳತಾಗಿಯೂ ಗಟ್ಟಿಯಾಗಿ, ಹೂಕುಂಡ ಇಟ್ಟುಕೊಂಡು, ಬಟ್ಟೆ ಒಣಹಾಕಿಕೊಂಡು ಬದುಕುತ್ತಿರುವ ಊರನ್ನು ನಾನು ನೋಡಿರಲೇ ಇಲ್ಲ. ಸೂಟ್‌ಕೇಸ್ ಕೆಳಗಿಟ್ಟು ನಿಂತುಬಿಟ್ಟೆ. ಹಿಂದಿನಿಂದ ಬಂದ ಸೈಕಲ್ಲಿನವನು ಫ್ರೆಂಚಿನಲ್ಲಿ ಬೈದು ಸುತ್ತಿಕೊಂಡು ಹೋದ. ಆ ಬೈಗುಳವೂ ಚೆನ್ನಾಗಿತ್ತು.

ನಮಗೆ ತಂಗಲು ಕೊಟ್ಟಿದ್ದು ಗುಡ್ಡದ ಮೇಲಿನ ಬಡಾವಣೆಯಲ್ಲಿ, ಒಂದು ಕಾಲಕ್ಕೆ ಊರಿನ ನೇಕಾರರೆಲ್ಲ ಇದ್ದ ಕಡೆ. ಮೆಟ್ಟಿಲು, ಮೆಟ್ಟಿಲು, ಮತ್ತೆ ಮೆಟ್ಟಿಲು. ಏದುಸಿರು ಬಿಡುತ್ತಾ ಹತ್ತುವಾಗ ಪ್ರೊಫೆಸರ್ ನಿಂತು ಮನೆಗಳ ಕಡೆ ಬೆರಳು ತೋರಿಸಿದರು. "ಈ ಕಿಟಕಿಗಳು ಇಷ್ಟು ಎತ್ತರ ಯಾಕಿವೆ, ಹೇಳಿ ನೋಡೋಣ."

ಒಬ್ಬ ಬೆಳಕಿಗೆ ಎಂದ. ಒಬ್ಬಳು ಶ್ರೀಮಂತರ ಮನೆ ಇರಬೇಕು ಎಂದಳು. ಇನ್ನೊಬ್ಬ ಜನ ಅಷ್ಟು ಎತ್ತರ ಇದ್ದರೇನೋ ಎಂದು ಎಲ್ಲರನ್ನೂ ನಗಿಸಿದ. ನಾನು ಕತ್ತೆತ್ತಿ ನೋಡುತ್ತಿದ್ದೆ. ಮೊದಲ ಮಹಡಿಯ ಕಿಟಕಿ ಎರಡಾಳು ಎತ್ತರ. ಒಳಗೆ ಮರದ ದಪ್ಪ ತೊಲೆಗಳು.

"ಪೆಟ್ಟಿಗೆಗೆ" ಎಂದೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದೆ: "ಮಗ್ಗದ ಮೇಲೆ ರಟ್ಟಿನ ಪೆಟ್ಟಿಗೆ ಕೂರಬೇಕಲ್ಲ, ಅದಕ್ಕೆ."

ಕಬ್ಬನ್‌ಪೇಟೆಯ ನಮ್ಮ ಮನೆಯಲ್ಲಿ ಮಗ್ಗದ ನೆತ್ತಿಯ ಮೇಲೆ ಒಂದು ಪೆಟ್ಟಿಗೆ ಇತ್ತು. ಅದರಿಂದ ಉದ್ದನೆಯ ಮಾಲೆಯಂತೆ ತೂತು ಕೊರೆದ ರಟ್ಟುಗಳು ಇಳಿಬಿದ್ದಿರುತ್ತಿದ್ದವು. ಅಡ್ಡ ಎಳೆ ಒಯ್ಯುವ ಲಾಳಿಯ ಒಂದೊಂದು ಓಟಕ್ಕೆ ಒಂದೊಂದು ರಟ್ಟು. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಹೇಳುವುದು ಆ ತೂತುಗಳು. ಸೀರೆಯ ಸೆರಗಿನ ನವಿಲು ಮೂಡುವುದು ಹಾಗೆ. ಮನೆಯ ಸೂರು ತಗ್ಗು. ಪೆಟ್ಟಿಗೆಗೆ ಎತ್ತರ ಸಾಲದೆ ತಾತ ನೆಲ ಅಗೆದು ಗುಂಡಿ ಮಾಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಅಪ್ಪನೂ ಹಾಗೆಯೇ. ಮಳೆಗಾಲದಲ್ಲಿ ಗುಂಡಿಯ ಶೀತ ಮೊಣಕಾಲಿಗೆ ಏರುತ್ತಿತ್ತು. ಇಲ್ಲಿ ನೋಡಿದರೆ ಅದೇ ಪೆಟ್ಟಿಗೆಗಾಗಿ ಸೂರನ್ನು ಮೇಲೆತ್ತಿದ್ದಾರೆ! ಒಂದು ಮನೆಯಲ್ಲ, ಒಂದು ಬೀದಿಯಲ್ಲ, ಇಡೀ ಗುಡ್ಡ. ಒಂದು ಊರನ್ನು ಮಗ್ಗದ ಅಳತೆಗೆ ಕಟ್ಟಬಹುದು ಎಂಬುದು ನನ್ನ ತಲೆಗೆ ಹೊಳೆಯಲು ಸಾಧ್ಯವೇ ಇರಲಿಲ್ಲ. ನಮ್ಮ ಕಸುಬಿಗೆ ಇಷ್ಟು ಮರ್ಯಾದೆ ಎಲ್ಲಿಯಾದರೂ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಮೇಲಿನ ಚೌಕದಲ್ಲಿ ಒಬ್ಬನ ಪ್ರತಿಮೆ. ಉದ್ದ ಕೋಟು, ತಲೆಯ ಮೇಲೆ ಪಾರಿವಾಳ. ಆ ಪೆಟ್ಟಿಗೆಯನ್ನು ಕಂಡುಹಿಡಿದವನು ಇವನೇ, ಈ ಊರಿನವನು ಎಂದರು ಪ್ರೊಫೆಸರ್. ನಾನು ನಿಜವಾಗಿ ಬೆಪ್ಪಾದೆ. ಆ ಪೆಟ್ಟಿಗೆಯನ್ನು ದೊಡ್ಡಬಳ್ಳಾಪುರದ ಕಡೆಯ ಯಾರೋ ಆಚಾರಿ ಮಾಡಿದ್ದು ಎಂದೇ ಅಲ್ಲಿಯವರೆಗೆ ನಂಬಿದ್ದವಳು ನಾನು. ಏಳು ವರ್ಷ ಬಟ್ಟೆಯ ಓದು ಓದಿದ ಮೇಲೂ! ಪುಸ್ತಕದಲ್ಲಿ ಅವನ ಹೆಸರು, ಇಸವಿ ಎಲ್ಲ ಬರೆದು ಪಾಸಾಗಿದ್ದೆ. ಆದರೆ ಪುಸ್ತಕದ ಯಂತ್ರವೂ ನಮ್ಮ ಮನೆಯ ಪೆಟ್ಟಿಗೆಯೂ ಒಂದೇ ಎಂದು ಮನಸ್ಸು ಜೋಡಿಸಿಕೊಂಡಿರಲೇ ಇಲ್ಲ. ಒಂದು ಪರೀಕ್ಷೆಗೆ, ಇನ್ನೊಂದು ಅಪ್ಪನಿಗೆ, ಅಷ್ಟೇ. ಪ್ರತಿಮೆಯ ಬುಡದಲ್ಲಿ ಕೂತು ಹುಡುಗಹುಡುಗಿಯರು ಬಿಯರ್ ಕುಡಿಯುತ್ತಿದ್ದರು. ಅವನ ಕಲ್ಲಿನ ಬೂಟನ್ನು ಮುಟ್ಟಿ ನೋಡಿದೆ, ಬಿಸಿಲಿಗೆ ಬೆಚ್ಚಗಿತ್ತು.

ಅಲ್ಲಿಂದ ಇಳಿಯುವಾಗ ಮನೆಗಳ ಹೊಟ್ಟೆಯೊಳಗೇ ಹಾದುಹೋಗುವ ಓಣಿಗಳಲ್ಲಿ ಕರೆದೊಯ್ದರು. ಯಾರದ್ದೋ ಬಾಗಿಲು ತಳ್ಳಿದರೆ ಕತ್ತಲೆಯ ಹಾದಿ, ನಡುವೆ ಆಕಾಶ ಕಾಣುವ ಅಂಗಳ, ಮತ್ತೆ ಹಾದಿ, ಹೊರಬಿದ್ದರೆ ಬೇರೆಯದೇ ಬೀದಿ. ನೇಯ್ದ ರೇಷ್ಮೆಯನ್ನು ಮಳೆ ತಾಗದ ಹಾಗೆ ಸಾಹುಕಾರರ ಅಂಗಡಿಗೆ ಹೊತ್ತೊಯ್ಯಲು ಈ ಓಣಿಗಳು ಒದಗುತ್ತಿದ್ದವಂತೆ. ಅಪ್ಪ ಸೀರೆಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಶರಟಿನೊಳಗೆ ಇಟ್ಟುಕೊಂಡು, ಮಳೆಯಲ್ಲಿ ಚಿಕ್ಕಪೇಟೆಗೆ ಓಡುತ್ತಿದ್ದ. ಆ ಓಣಿಯ ಗೋಡೆಗೆ ಕೈ ಸವರಿಕೊಂಡೇ ನಡೆದೆ. ಸುಸ್ತು, ನಿದ್ದೆಗೇಡು, ಎರಡೂ ಮರೆತುಹೋಗಿದ್ದವು. ಎಂಟು ದಿನ ನಡೆದರೂ ಮುಗಿಯದಷ್ಟು ಊರು ಕಣ್ಣಿಗೆ ಬಿದ್ದಿತ್ತು.

ಮರುದಿನ ನೇಯ್ಗೆಮನೆ. ಎರಡನೆಯ ಮಹಡಿಯಲ್ಲಿ ಎತ್ತರದ ಕೋಣೆ, ಸಾಲಾಗಿ ನಾಲ್ಕು ಕೈಮಗ್ಗ. ನಡೆಸುತ್ತಿದ್ದವರು ಅರವತ್ತು ದಾಟಿದ ಹಿರಿಯ ಹೆಂಗಸು. ನೀಲಿ ಮೇಲಂಗಿ, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಇಂಗ್ಲಿಷ್ ಬಾರದು, ಅವರ ಫ್ರೆಂಚನ್ನು ಪ್ರೊಫೆಸರ್ ನಮಗೆ ಹೇಳುತ್ತಿದ್ದರು. ಕಿಟಕಿಯ ಪಕ್ಕದ ಮಗ್ಗದ ಮೇಲೆ ಕೆನೆಬಣ್ಣದ ರೇಷ್ಮೆ. ಎಲ್ಲೋ ಒಂದು ಹಳೆಯ ಅರಮನೆಯ ಗೋಡೆಗೆ ಹೊದಿಸಲು. ದಿನವಿಡೀ ನೇಯ್ದರೆ ಎರಡು ಬೆರಳಗಲ ಏಳುತ್ತದೆ ಎಂದರು. ಬಟ್ಟೆಯ ಮೇಲೆ ಎಲೆ, ಬಳ್ಳಿ, ದಾಳಿಂಬೆಯ ಹಣ್ಣು. ಎಲ್ಲವೂ ಕೆನೆಯ ಮೇಲೆ ಕೆನೆ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವಂಥವು. ಅಪ್ಪ ನೋಡಬೇಕಿತ್ತು ಇದನ್ನ ಎನ್ನಿಸಿತು.

ಒಬ್ಬೊಬ್ಬರೂ ಕೂತು ಒಂದು ಸಲ ಲಾಳಿ ಓಡಿಸಿ ನೋಡಬಹುದು ಎಂದರು ಹಿರಿಯಾಕೆ. ನಾನು ಮೊದಲನೆಯವಳು. ಮುಂದಿನದನ್ನು ಯೋಚನೆ ಮಾಡಿ ಮಾಡಿದೆ ಎಂದರೆ ಸುಳ್ಳಾಗುತ್ತದೆ. ನಮ್ಮಲ್ಲಿ ಹೊಸ ಮಗ್ಗಕ್ಕೆ ಮೊದಲ ಸಲ ಕೂರುವವರು ಅದಕ್ಕೆ ಕುಂಕುಮ ಇಟ್ಟೇ ಕೂರುವುದು. ಅದು ಭಕ್ತಿಯೂ ಅಲ್ಲ, ಹೊಸಬರ ಮನೆಗೆ ಹೋದಾಗ ಚಪ್ಪಲಿ ಬಿಟ್ಟ ಹಾಗೆ, ಅಷ್ಟೇ. ನನ್ನ ಕೈ ತಾನಾಗಿ ಕೈಚೀಲದ ಒಳಜೇಬಿಗೆ ಹೋಯಿತು. ಪೊಟ್ಟಣ ಬಿಡಿಸಿ ಒಂದು ಚಿಟಿಕೆ ತೆಗೆದು, ಎದೆಯ ಮಟ್ಟದಲ್ಲಿದ್ದ ಮರದ ದಿಮ್ಮಿಗೆ ಬೊಟ್ಟು ಇಟ್ಟೆ. ಅದೇ ಹೊತ್ತಿಗೆ ನಮ್ಮಲ್ಲೊಬ್ಬ ಫೋಟೋ ತೆಗೆಯಲು ಬೆಳಕು ಬರಲೆಂದು ಪಕ್ಕದ ಕಿಟಕಿ ತೆರೆದ.

ಗಾಳಿ ಬಂತು. ಕೆನೆಬಣ್ಣದ ರೇಷ್ಮೆಯ ಮೇಲೆ ಅಂಗೈಯಗಲ ಕೆಂಪು ಹುಡಿ.

ಮೂಲೆಯಲ್ಲಿದ್ದ ಸಹಾಯಕಿ ಒದ್ದೆ ಸ್ಪಂಜು ಹಿಡಿದು ಓಡಿಬಂದಳು.

"ನೀರು ಬೇಡ! ನೀರು ಬೇಡ!" ಎಂದು ಕನ್ನಡದಲ್ಲೇ ಕಿರುಚಿ ಅವಳ ಮಣಿಕಟ್ಟು ಹಿಡಿದುಕೊಂಡೆ. ಒಳ್ಳೆಯ ಕುಂಕುಮವೆಂದರೆ ಅರಿಶಿನ, ಸುಣ್ಣ. ಒಣಗಿದ್ದಷ್ಟು ಹೊತ್ತು ಅದು ಹುಡಿ. ಒಂದು ಹನಿ ತಾಗಿದರೆ ಬಣ್ಣ. ರೇಷ್ಮೆ ಸೀರೆ ಉಡುವ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಿಲ್ಲ. ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಹಿರಿಯಾಕೆ ನನ್ನ ಮುಖ ನೋಡಿದರು. ಸಹಾಯಕಿಗೆ ಕಣ್ಣಿನಲ್ಲೇ ಸನ್ನೆ ಮಾಡಿ ಸ್ಪಂಜನ್ನು ದೂರ ಇಡಿಸಿದರು. ಕಿಟಕಿ ಮುಚ್ಚಿಸಿದರು. ನಾನು ಮಗ್ಗದ ಕೆಳಗೆ ತೂರಿ, ಬಟ್ಟೆಯನ್ನು ಅಡಿಯಿಂದ ಬೆರಳ ತುದಿಯಲ್ಲಿ ಮೆಲ್ಲಗೆ ತಟ್ಟತೊಡಗಿದೆ. ತಟ್ಟಿದಂತೆ ಹುಡಿ ಕುಣಿದು ಮೇಲೇಳುತ್ತದೆ, ಮೇಲೆದ್ದದ್ದನ್ನು ಒಣ ರೇಷ್ಮೆಯ ಉಂಡೆಯಿಂದ ಎತ್ತಿಕೊಳ್ಳಬೇಕು, ಒರೆಸಬಾರದು. ಅಪ್ಪ ಮಾಡುತ್ತಿದ್ದದ್ದನ್ನು ನೋಡಿದ್ದೆ. ನಾನು ಕೆಳಗಿನಿಂದ ತಟ್ಟಿದೆ, ಹಿರಿಯಾಕೆ ಮೇಲಿನಿಂದ ಎತ್ತಿದರು. ಒಬ್ಬರ ಭಾಷೆ ಒಬ್ಬರಿಗೆ ಗೊತ್ತಿಲ್ಲ. ಒಂದು ಗಂಟೆಯ ಮೇಲೆ ಹಿಡಿಯಿತು. ಕೊನೆಗೆ ಭೂತಗನ್ನಡಿ ಇಟ್ಟು ನೋಡಿ ಮೂರು ಬೆರಳು ಎತ್ತಿದರು. ಮೂರು ಚುಕ್ಕಿ ಉಳಿದಿದ್ದವು.

ಆಕೆ ಹೇಳಿದ್ದನ್ನು ಪ್ರೊಫೆಸರ್ ನನಗೆ ಹೇಳಿದರು. ನಾಳೆ ಬೆಳಗಿನ ಬೆಳಕಿನಲ್ಲಿ ಇನ್ನೊಮ್ಮೆ ನೋಡುತ್ತಾರಂತೆ. ಮೂರೂ ಹಾಗೇ ಇದ್ದರೆ ನಾಲ್ಕು ದಿನ ನೇಯ್ದದ್ದನ್ನು ಬಿಚ್ಚಬೇಕು. ಹಾಗಾದರೆ ಈ ಹುಡುಗಿ ಮತ್ತೆ ಈ ಕೋಣೆಗೆ ಬರುವುದು ಬೇಡ.

"ಬೇರೆ ನೇಯ್ಗೆಮನೆ?" ಎಂದು ಕೇಳಿದೆ.

"ಇಲ್ಲ ಮಗೂ" ಎಂದರು ಪ್ರೊಫೆಸರ್. ಅವರಿಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. "ಕೋಣೆ ಇಲ್ಲದಿದ್ದರೆ ಬಟ್ಟೆ ಇಲ್ಲ. ಬಟ್ಟೆ ಇಲ್ಲದಿದ್ದರೆ ವರದಿ ಇಲ್ಲ. ನಿನ್ನ ಗಡುವು ನನಗೂ ಗೊತ್ತು."

ಸಂಜೆ ಚೌಕದ ಫೋನ್ ಬೂತಿನಿಂದ ಮನೆಗೆ ಫೋನ್ ಮಾಡಿದೆ. ಅಲ್ಲಿ ಮಧ್ಯಾಹ್ನ, ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಅಪ್ಪ ಎದ್ದು ಬಂದ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಬೈಯುತ್ತಾನೆಂದು ಕಾದೆ.

"ನೀರು ಹಾಕಿಲ್ಲ ತಾನೆ?"

"ಇಲ್ಲಪ್ಪ."

"ಉಜ್ಜಿದ್ಯಾ?"

"ಇಲ್ಲ, ಅಡೀಲಿಂದ ತಟ್ಟಿದೆ."

"ಹೊಕ್ಕು ಹೆಂಗಿದೆ, ಬಿಗೀನಾ?" ಹೊಕ್ಕು ಎಂದರೆ ಲಾಳಿ ತರುವ ಅಡ್ಡ ಎಳೆ.

"ತುಂಬಾ ಬಿಗಿ. ನಮ್ಮದಕ್ಕಿಂತ ಬಿಗಿ."

"ನಮ್ಮದಕ್ಕಿಂತನಾ?" ಎಂದ. ಅಷ್ಟು ಹೊತ್ತಿನಲ್ಲಿ ಅವನ ದನಿ ಬದಲಾದದ್ದು ಅದೊಂದಕ್ಕೆ. "ಹಂಗಾದ್ರೆ ಒಳಗೆ ಇಳಿದಿರಲ್ಲ. ಬಣ್ಣ ಇಳಿಯಕ್ಕೆ ಜಾಗ ಬೇಕು. ನಾಳೆ ಹೋಗು, ಆಯಮ್ಮ ಕರೀಲಿ ಬಿಡ್ಲಿ ಬಾಗಿಲಲ್ಲಿ ನಿಂತ್ಕೋ. ಬಿಚ್ಚೋದಿದ್ರೆ ನಾನೇ ಬಿಚ್ಚಿಕೊಡ್ತೀನಿ ಅನ್ನು."

ಅಮ್ಮ ಫೋನ್ ಕಿತ್ತುಕೊಂಡಳು. "ಅಲ್ವೇ, ಬೇರೆಯೋರ ಮನೆ ಮಗ್ಗಕ್ಕೆ ಕುಂಕುಮ ಇಡೋಕ್ ಮುಂಚೆ ಒಂದ್ ಮಾತು ಕೇಳ್ಬಾರ್ದಾ? ಏನ್ ಓದಿದ್ಯೇ ಇಷ್ಟು ವರ್ಷ!"

"ನೀನೇ ತಾನೇ ಕೊಟ್ಟಿದ್ದು!"

"ನಾನು ಹಣೆಗೆ ಕೊಟ್ಟಿದ್ದು ಕಣೆ!"

ಫೋನ್ ಇಟ್ಟ ಮೇಲೆ ಕೋಣೆಗೆ ಹೋಗಲು ಮನಸ್ಸಾಗಲಿಲ್ಲ. ಗುಡ್ಡದ ಅಂಚಿನ ಕಟ್ಟೆಯ ಮೇಲೆ ಕೂತೆ. ಕೆಳಗೆ ಇಡೀ ಊರು, ಸಾವಿರಾರು ಕೆಂಪು ಹೆಂಚು, ಹೊಗೆಗೂಡುಗಳು, ನದಿಯಾಚೆಯ ಬೆಟ್ಟದ ಮೇಲೆ ಬಿಳಿಯ ಚರ್ಚು. ಊಟದ ಹೊತ್ತಾದರೂ ಸೂರ್ಯ ಮುಳುಗುವ ಲಕ್ಷಣ ಕಾಣಿಸಲಿಲ್ಲ. ಬೆಳಕು ಗೋಡೆಯಿಂದ ಗೋಡೆಗೆ ಇಳಿಯುತ್ತಾ ಬಣ್ಣ ಬದಲಿಸುತ್ತಿತ್ತು. ಯಾರದೋ ಅಡುಗೆಮನೆಯಿಂದ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುವ ವಾಸನೆ. ಪಕ್ಕದಲ್ಲಿ ಒಬ್ಬ ಅಜ್ಜ ಮಾರುದ್ದದ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ಅದರ ತುದಿಯನ್ನು ಮುರಿದು ಮುರಿದು ತಿನ್ನುತ್ತಿದ್ದ. ನಾಳೆ ಡಿಗ್ರಿ ಕೈತಪ್ಪಿ ಹೋಗಬಹುದಿತ್ತು. ಆ ಭಯದ ಜೊತೆಯಲ್ಲೇ ಕಣ್ಣು ತನ್ನ ಪಾಡಿಗೆ ಆ ಊರನ್ನು ಕುಡಿಯುತ್ತಿತ್ತು. ಎರಡೂ ಒಟ್ಟಿಗೆ ಇರಲು ಸಾಧ್ಯ ಎಂದು ನನಗೆ ಗೊತ್ತಿರಲಿಲ್ಲ. ಹೋದರೆ ಹೋಗಲಿ, ಇದನ್ನು ನೋಡಿದೆನಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಯೇ, ಹೋಗುವುದು ಬೇಡ ದೇವರೇ ಎಂದೂ ಅನ್ನಿಸಿತು.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತೆ. ಪ್ರೊಫೆಸರ್ ಕೂಡ ನನ್ನ ಜೊತೆ ಬಂದರು. ಹಿರಿಯಾಕೆ ಆಗಲೇ ಮಗ್ಗದ ಮೇಲೆ ಬಾಗಿದ್ದರು. ಕಿಟಕಿಯಿಂದ ಬೆಳಕು ನೇರ ಬಟ್ಟೆಯ ಮೇಲೆ. ಕೈಯಲ್ಲಿ ಒಣ ರೇಷ್ಮೆಯ ಉಂಡೆ. ಬಹಳ ಹೊತ್ತಿನ ಮೇಲೆ ತಲೆಯೆತ್ತಿದರು. ಒಂದೇ ಬೆರಳು.

ಎರಡು ಚುಕ್ಕಿ ಎದ್ದುಬಂದಿದ್ದವು. ಒಂದು ಅಡ್ಡ ಎಳೆಯಲ್ಲಿ ಸಿಕ್ಕಿಕೊಂಡಿತ್ತು, ಇತ್ತೀಚೆಗೆ ನೇಯ್ದ ಅಂಚಿನಿಂದ ಒಂದು ಬೆರಳಗಲ ಒಳಗೆ. ಅಲ್ಲಿಯವರೆಗೆ ಬಿಚ್ಚಿದರೆ ಸಾಕು.

"ನಾನು ಬಿಚ್ಚಿಕೊಡ್ತೀನಿ ಅಂತ ಹೇಳಿ" ಎಂದೆ ಪ್ರೊಫೆಸರಿಗೆ. ಅವರು ಹೇಳಿದರು. ಹಿರಿಯಾಕೆ ನನ್ನ ಎರಡೂ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಬೆರಳ ತುದಿಗಳನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ದೊರಗಾಗಿವೆಯೋ ಎಂದು ನೋಡುವುದು ಹಾಗೆ. ದೊರಗು ಬೆರಳಿಗೆ ರೇಷ್ಮೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ತಮ್ಮ ಪಕ್ಕದಲ್ಲಿ ಬೆಂಚಿನ ಮೇಲೆ ಜಾಗ ಬಿಟ್ಟರು. ಕೂರುವ ಮುಂಚೆ ದಿಮ್ಮಿಯ ಮೇಲಿನ ಕೆಂಪು ಬೊಟ್ಟಿನ ಕಡೆ ಬೆರಳು ತೋರಿಸಿ ಏನೋ ಅಂದರು.

"ಅದನ್ನೂ ಒರೆಸು ಅಂತಿದಾರೆ" ಎಂದರು ಪ್ರೊಫೆಸರ್. ಒರೆಸಿದೆ.

ಬಿಚ್ಚುವುದು ನೇಯುವುದಕ್ಕಿಂತ ನಿಧಾನ. ಒಂದು ಎಳೆ ಹೊರತೆಗೆಯಬೇಕಾದರೆ ಪೆಟ್ಟಿಗೆಯ ರಟ್ಟನ್ನು ಒಂದು ಮನೆ ಹಿಂದಕ್ಕೆ ತಿರುಗಿಸಬೇಕು. ಆಗ ಆ ಎಳೆಯನ್ನು ಹಿಡಿದಿದ್ದ ಎಳೆಗಳೆಲ್ಲ ಬಾಯಿ ಬಿಡುತ್ತವೆ, ಅದು ನವಿರಾಗಿ ಹೊರಗೆ ಬರುತ್ತದೆ. ಮತ್ತೆ ಒಂದು ರಟ್ಟು ಹಿಂದಕ್ಕೆ. ಎರಡು ದಿನ ಅದೇ ಕೆಲಸ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ನನಗೆ ಕಾಣತೊಡಗಿತು. ದಾಳಿಂಬೆಯ ಹಣ್ಣು ನನ್ನ ಕಣ್ಣೆದುರಿಗೇ ಮೊಗ್ಗಾಗುತ್ತಿತ್ತು. ಯಾವ ರಟ್ಟು ಯಾವ ಎಳೆಯನ್ನು ಎತ್ತಿತ್ತು, ಕೆನೆಯ ಮೇಲೆ ಕೆನೆ ಹೇಗೆ ಕಾಣಿಸುತ್ತದೆ, ನೆರಳು ಎಲ್ಲಿಂದ ಬರುತ್ತದೆ, ಎಲ್ಲವೂ. ನೇಯ್ದ ಬಟ್ಟೆಯನ್ನು ನೋಡಿ ಊಹಿಸಬೇಕಾದದ್ದನ್ನು ಬಟ್ಟೆಯೇ ಬಿಚ್ಚಿ ಹೇಳುತ್ತಿತ್ತು. ಹನ್ನೆರಡು ವರ್ಷದವಳಿದ್ದಾಗ ಅಪ್ಪನ ಪೆಟ್ಟಿಗೆಯ ಕೆಳಗೆ ಮಲಗಿ, ಈ ತೂತುಗಳಲ್ಲಿ ನವಿಲು ಎಲ್ಲಿ ಅಡಗಿದೆಯೆಂದು ಹುಡುಕುತ್ತಿದ್ದೆ. ಸಿಕ್ಕಿದ್ದು ಲಿಯೋನಿನಲ್ಲಿ. ಬೆನ್ನು ಸೆಟೆದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು, ನನಗೆ ಮೈಯೆಲ್ಲ ರೋಮಾಂಚನ.

ಹಿರಿಯಾಕೆ ನನ್ನನ್ನು ಹೊಗಳಲಿಲ್ಲ. ಎರಡನೆಯ ದಿನ ಸಂಜೆ ಕೆಂಪು ಚುಕ್ಕಿಯ ಎಳೆಯನ್ನು ಕತ್ತರಿಸಿ ಬುಟ್ಟಿಗೆ ಹಾಕಿ, ಲಾಳಿಯನ್ನು ನನ್ನ ಕೈಗಿಟ್ಟರು. ಒಂದು ಸಲ ಓಡಿಸಿದೆ. ಸಾಕು ಎಂದು ಕೈಸನ್ನೆ ಮಾಡಿ ಎಬ್ಬಿಸಿದರು. ಉಳಿದ ಐದು ವಾರ ನಾನು ಆ ಕೋಣೆಯಲ್ಲೇ ಕೂತು ಬರೆದುಕೊಂಡೆ.

ವರದಿಯನ್ನು ಕೊನೆಯ ರಟ್ಟಿನಿಂದ ಮೊದಲ ರಟ್ಟಿನ ಕಡೆಗೆ ಬರೆದೆ, ಬಿಚ್ಚಿದ ಹಾಗೆಯೇ. ಕುಂಕುಮದ ವಿಷಯವನ್ನು ಮುಚ್ಚಿಡಲಿಲ್ಲ. ನೀರು ಯಾಕೆ ಹಾಕಬಾರದು ಎಂದು ಒಂದು ಪುಟ ಬರೆದೆ. ಪ್ರೊಫೆಸರ್ ಅದನ್ನು ಓದಿ ವಾಪಸು ಕೊಟ್ಟಾಗ ಮೇಲೆ ಎ ಎಂದು ಬರೆದಿತ್ತು. ಅದರ ಕೆಳಗೆ ಒಂದು ಸಾಲು: ನಿನ್ನ ಇಂಗ್ಲಿಷಿನ ಕಾಮಾಗಳನ್ನು ದೇವರೇ ಕಾಪಾಡಬೇಕು.

ಆಗಸ್ಟಿನಲ್ಲಿ ಪದವಿ ಪ್ರದಾನ. ಕೆರೊಲೈನಾದ ಆ ಸೆಕೆಯಲ್ಲಿ ಕಪ್ಪು ಗೌನಿನೊಳಗೆ ಬೆವರು ಹರಿಯುತ್ತಿತ್ತು. ಅತ್ತೆ ಲಾರೆನ್ಸ್‌ವಿಲ್‌ನಿಂದ ಮಗನನ್ನು ಕರೆದುಕೊಂಡು ಗಂಟೆಗಟ್ಟಲೆ ಡ್ರೈವ್ ಮಾಡಿ ಬಂದಿದ್ದಳು. ನನ್ನ ಟೋಪಿಯನ್ನು ನೆಟ್ಟಗೆ ಮಾಡಿ, "ಸರಿಯಾಗಿ ಹಾಕ್ಕೊಳೇ, ಬೋಂಡಾ ಬಾಣಲಿ ಮುಚ್ಚಿದ ಹಂಗಿದೆ" ಎಂದಳು. ಅಮ್ಮ ನೀಲಿ ರೇಷ್ಮೆಯುಟ್ಟಿದ್ದಳು. ಅಪ್ಪ ಮಿಲ್ಲಿನಿಂದ ನೇರ ಬಂದವನು, ಶರಟು ಮಾತ್ರ ಬದಲಿಸಿದ್ದ. ಉಗುರಿನ ಸಂದಿಯಲ್ಲಿ ಯಂತ್ರದ ಎಣ್ಣೆ ಹಾಗೇ ಇತ್ತು.

ವೇದಿಕೆಯ ಮೇಲೆ ಕೈಕುಲುಕಿ ಕೊಟ್ಟದ್ದು ಬರೀ ಖಾಲಿ ಹೊದಿಕೆ. ನಿಜವಾದ ಸರ್ಟಿಫಿಕೇಟನ್ನು ಆಮೇಲೆ ಪಕ್ಕದ ಕೋಣೆಯ ಮೇಜಿನಲ್ಲಿ ಸಹಿ ಮಾಡಿಸಿಕೊಂಡು ಕೊಟ್ಟರು. ದಪ್ಪ ಕಾಗದ, ಕರೀ ಅಕ್ಷರದಲ್ಲಿ ನನ್ನ ಹೆಸರು, ಅದರ ಕೊನೆಯಲ್ಲಿ ಅಪ್ಪನ ಹೆಸರು. ಹೊರಗೆ ಕಾರಿಡಾರಿನಲ್ಲಿ ನಾಲ್ವರೂ ಕಾಯುತ್ತಿದ್ದರು. ನಾನು ಎರಡೂ ಕೈಯಲ್ಲಿ ಅದನ್ನು ಹಿಡಿದು ಅಪ್ಪನ ಮುಂದೆ ಚಾಚಿದೆ. ಅಪ್ಪ ಹಿಂದಕ್ಕೆ ಸರಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಬಗ್ಗಿ, ತನ್ನ ಹೆಸರಿನವರೆಗೂ ಓದಿದ.

"ಅಮ್ಮನ ಕೈಗೆ ಕೊಟ್ಟಿರಮ್ಮ" ಎಂದ. "ನಾನು ಕೈ ತೊಳ್ಕೊಂಡು ಬರ್ತೀನಿ."